ಮಾರಾಟದ ಲೆಕ್ಕ ಬೇರೆ, ಕೇಳುವವರ ಲೆಕ್ಕ ಬೇರೆ: ಗ್ರಾಮಫೋನ್ ಪ್ಲೇಟು ಈಗಲೂ ತಿರುಗುತ್ತಿದೆಯೇ?

ಅಮೆರಿಕದಲ್ಲಿ 2024ರಲ್ಲಿ ಸುಮಾರು 4 ಕೋಟಿ 40 ಲಕ್ಷ ಹೊಸ ವಿನೈಲ್ ರೆಕಾರ್ಡುಗಳು, ಅಂದರೆ ಪ್ಲಾಸ್ಟಿಕ್ಕಿನ ಗ್ರಾಮಫೋನ್ ಪ್ಲೇಟುಗಳು, ಮಾರಾಟವಾದವು. ಅದೇ ವರ್ಷ ಅಲ್ಲಿ ಹೋದ ಸಿ.ಡಿ.ಗಳು ಸುಮಾರು 3 ಕೋಟಿ 30 ಲಕ್ಷ. ಒಂದು ಕಾಲಕ್ಕೆ ಪ್ಲೇಟನ್ನು ಅಂಗಡಿಯಿಂದ ಹೊರದಬ್ಬಿದ್ದ ಸಿ.ಡಿ. ಈಗ ಪ್ಲೇಟಿನ ಹಿಂದೆ ಬಿದ್ದಿದೆ, ಅದೂ 2022ರಿಂದ ಸತತ ಮೂರು ವರ್ಷ. ಬ್ರಿಟನ್ನಿನಲ್ಲಿ ಅದೇ ವರ್ಷ 67 ಲಕ್ಷ ಪ್ಲೇಟುಗಳು ಹೋದವು. ಈ ಅಂಕಿಗಳನ್ನು ಓದಿದಾಗ ‘ಅಯ್ಯೋ, ಜನ ಮತ್ತೆ ಪ್ಲೇಟು ಕೇಳೋಕೆ ಶುರು ಮಾಡಿದ್ದಾರೆ’ ಅನ್ನಿಸುವುದು ಸಹಜ. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಇನ್ನೊಂದು ಅಂಕಿ ಕಣ್ಣಿಗೆ ಬಿತ್ತು. ಸಂಗೀತ ಮಾರಾಟದ ಲೆಕ್ಕ ಇಡುವ ಲುಮಿನೇಟ್ ಸಂಸ್ಥೆ ಅಮೆರಿಕದಲ್ಲಿ ವಿನೈಲ್ ಕೊಂಡವರನ್ನು ವಿಚಾರಿಸಿದಾಗ, ಅವರಲ್ಲಿ ಅರ್ಧದಷ್ಟು ಜನರ ಬಳಿ ಮಾತ್ರ ರೆಕಾರ್ಡ್ ಪ್ಲೇಯರ್ ಇತ್ತು.

ಅಂದರೆ ಕೊಂಡವರಲ್ಲಿ ಅರ್ಧ ಜನರ ಮನೆಯಲ್ಲಿ ಪ್ಲೇಟು ತಿರುಗುವುದೇ ಇಲ್ಲ. ಅದು ಗೋಡೆಯ ಮೇಲಿದೆ, ಕಪಾಟಿನಲ್ಲಿದೆ, ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಕೂತಿದೆ. 2024ರಲ್ಲಿ ಟೇಲರ್ ಸ್ವಿಫ್ಟ್ ಅವರ ಒಂದು ಆಲ್ಬಮ್ಮಿನ 8 ಲಕ್ಷ 59 ಸಾವಿರ ಪ್ಲೇಟುಗಳು ಅಮೆರಿಕದಲ್ಲಿ ಮೊದಲ ವಾರದಲ್ಲೇ ಖಾಲಿಯಾದವು. ಅದೇ ಹಾಡುಗಳನ್ನು ಬೇರೆ ಬೇರೆ ಕವರಿನಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಬಿಟ್ಟಾಗ ಒಬ್ಬರೇ ಅಭಿಮಾನಿ ಎರಡು ಮೂರು ಕೊಳ್ಳುತ್ತಾರೆ. ಅದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಪ್ರೀತಿಯ ಕಲಾವಿದರದ್ದು ಏನಾದರೂ ಕೈಯಲ್ಲಿ ಹಿಡಿಯುವಂಥದ್ದು ಇರಲಿ ಅನ್ನುವ ಆಸೆ ದೇವರ ಪಟ ಕೊಳ್ಳುವವರಿಗೂ ಇದೆ. ಆದರೆ ಅದನ್ನು ಕೇಳುವುದು ಎಂದು ಕರೆಯಲಾಗದು.

ನಮ್ಮಲ್ಲಿ ವಿಷಯ ತಿರುಗಾಮುರುಗ. ಕರ್ನಾಟಕದಲ್ಲಿ ಹೊಸ ಪ್ಲೇಟು ಮಾರಾಟವಾಗುವುದು ತೀರಾ ಕಡಿಮೆ. ಆದರೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹಳೇ ಪ್ಲೇಟುಗಳನ್ನು ಒಂದೊಂದಾಗಿ ಮಗುಚಿ ನೋಡಿ, ಬೆಳಕಿಗೆ ಹಿಡಿದು ಗೀರು ಪರೀಕ್ಷಿಸಿ, ಚೌಕಾಸಿ ಮಾಡಿ ನಾಲ್ಕು ಕೊಂಡೊಯ್ಯುವವರು ಅವತ್ತೇ ಸಂಜೆ ಅದನ್ನು ಕೇಳುತ್ತಾರೆ. ಆ ವ್ಯಾಪಾರ ಯಾವ ಸಂಸ್ಥೆಯ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ‘ಈಗಲೂ ಯಾರಾದರೂ ಪ್ಲೇಟು ಕೇಳುತ್ತಾರಾ?’ ಎಂಬ ಪ್ರಶ್ನೆಗೆ ಮಾರಾಟದ ಅಂಕಿಯಿಂದ ಉತ್ತರ ಹುಡುಕಿದರೆ ಎರಡೂ ಕಡೆ ಮೋಸ ಹೋಗುತ್ತೇವೆ. ಅಲ್ಲಿ ಕೊಂಡಷ್ಟು ಕೇಳುವುದಿಲ್ಲ, ಇಲ್ಲಿ ಕೇಳಿದ್ದು ಎಣಿಕೆಗೆ ಸಿಗುವುದಿಲ್ಲ.

ಅಳತೆಯ ಅಂದಾಜು ತಪ್ಪದಿರಲೆಂದು ಇನ್ನೊಂದು ಮಾತು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ವರ್ಷಕ್ಕೆ 34 ಕೋಟಿ ಪ್ಲೇಟು ಮಾರಾಟವಾಗುತ್ತಿದ್ದವು. 2006ರ ಹೊತ್ತಿಗೆ ಅದು 10 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಅಲ್ಲಿಂದ ಮೇಲೆದ್ದು 4.4 ಕೋಟಿಗೆ ಬಂದದ್ದು ದೊಡ್ಡ ಚೇತರಿಕೆಯೇ ಸರಿ, ಆದರೂ ಹಳೆಯ ವೈಭವದ ಎಂಟನೇ ಒಂದು ಭಾಗ. ಅಲ್ಲಿ 2024ರಲ್ಲಿ ಸಂಗೀತದಿಂದ ಬಂದ ನೂರು ರೂಪಾಯಿಯಲ್ಲಿ 84 ರೂಪಾಯಿ ಸ್ಟ್ರೀಮಿಂಗಿನದು, ಪ್ಲೇಟಿನದು ಸುಮಾರು ಎಂಟು.

ಗೀರಿನೊಳಗೆ ಹಾಡು ಕೂತಿರುವುದು ಹೇಗೆ

ಪ್ಲೇಟಿನ ಒಂದು ಮಗ್ಗುಲಲ್ಲಿ ನೂರಾರು ಗೆರೆಗಳಿರುವಂತೆ ಕಾಣುತ್ತದೆ. ಇರುವುದು ಒಂದೇ ಗೆರೆ. ಹೊರ ಅಂಚಿನಿಂದ ಹೊರಟು ಸುರುಳಿಯಾಗಿ ಸುತ್ತುತ್ತಾ ಲೇಬಲ್ಲಿನ ತನಕ ಬರುವ ಒಂದೇ ಒಂದು ಗೀರು. ನಿಮಿಷಕ್ಕೆ 33⅓ ಸುತ್ತು ತಿರುಗುವ ಹನ್ನೆರಡು ಅಂಗುಲದ ಎಲ್.ಪಿ.ಯಲ್ಲಿ (ಲಾಂಗ್ ಪ್ಲೇ, ಹೆಚ್ಚು ಹೊತ್ತು ಹಾಡುವ ಪ್ಲೇಟು) ಒಂದು ಮಗ್ಗುಲು 22 ನಿಮಿಷ ಹಾಡಿದರೆ 730ಕ್ಕೂ ಹೆಚ್ಚು ಸುತ್ತಾಯಿತು. ಆ ಗೀರನ್ನು ಬಿಚ್ಚಿ ನೆಟ್ಟಗೆ ಎಳೆದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರು. ಅಗಲ ಮಾತ್ರ ತಲೆಗೂದಲಿನಷ್ಟು.

ಗೀರನ್ನು ಅಡ್ಡ ಕತ್ತರಿಸಿ ನೋಡಿದರೆ ಉತ್ತ ಹೊಲದ ಸಾಲಿನ ಹಾಗೆ ಎರಡು ಇಳಿಜಾರು ಗೋಡೆಗಳು ಕೆಳಗೆ ಕೂಡುತ್ತವೆ. ಒಂದು ಗೋಡೆಯ ಮೇಲೆ ಎಡಗಡೆಯ ಸ್ಪೀಕರಿನ ಸದ್ದು, ಇನ್ನೊಂದರ ಮೇಲೆ ಬಲಗಡೆಯದು. ವಜ್ರದ ಮುಳ್ಳು ಈ ಸಾಲಿನಲ್ಲಿ ಓಡುವಾಗ ಗೋಡೆಯ ಉಬ್ಬುತಗ್ಗಿಗೆ ತಕ್ಕಂತೆ ಅಲುಗುತ್ತದೆ. ಮುಳ್ಳಿನ ಇನ್ನೊಂದು ತುದಿಯಲ್ಲಿ ಪುಟ್ಟ ಅಯಸ್ಕಾಂತವಿದೆ, ಅದರ ಪಕ್ಕದಲ್ಲಿ ತಂತಿಯ ಸುರುಳಿ. ಅಯಸ್ಕಾಂತ ಅಲುಗಿದಂತೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಸೈಕಲ್ಲಿನ ಡೈನಮೋ ಕೆಲಸ ಮಾಡುವುದೂ ಇದೇ ತತ್ವದ ಮೇಲೆ, ಇಲ್ಲಿ ಎಲ್ಲವೂ ಅತಿ ಸಣ್ಣದು. ಹುಟ್ಟುವ ಕರೆಂಟು ಸುಮಾರು 5 ಮಿಲಿವೋಲ್ಟ್. ಸಿ.ಡಿ. ಪ್ಲೇಯರಿನಿಂದ ಹೊರಬರುವುದು 2 ವೋಲ್ಟ್. ಅದಕ್ಕೇ ರೆಕಾರ್ಡ್ ಪ್ಲೇಯರನ್ನು ನೇರವಾಗಿ ಮಾಮೂಲಿ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಹಾಡು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ನಡುವೆ ‘ಫೋನೋ’ ಎಂಬ ಮುಂಗಡ ಆಂಪ್ಲಿಫೈಯರ್ ಬೇಕು.

ಈ ಫೋನೋ ಬರೀ ಸದ್ದನ್ನು ಜೋರು ಮಾಡುವುದಿಲ್ಲ, ಹಾಡಿನ ಆಕಾರವನ್ನೇ ಮರಳಿ ಕೊಡುತ್ತದೆ. ಇದನ್ನು ಅರ್ಥಮಾಡಿಕೊಂಡರೆ ಪ್ಲೇಟಿನ ಅರ್ಧ ಗುಟ್ಟು ತಿಳಿದ ಹಾಗೆ. ಮೃದಂಗದ ಎಡಗಡೆಯ ಗುಂಕಾರದಂಥ ತಗ್ಗು ಸ್ವರವನ್ನು ಇದ್ದಂತೆಯೇ ಕೊರೆದರೆ ಗೀರು ಬಲು ಅಗಲವಾಗಿ ಅತ್ತಿತ್ತ ಓಲಾಡುತ್ತದೆ. ಪಕ್ಕದ ಸುತ್ತಿಗೆ ಹೋಗಿ ತಗುಲುತ್ತದೆ, ಮುಳ್ಳು ಹಾರುತ್ತದೆ, ಇಪ್ಪತ್ತು ನಿಮಿಷದ ಜಾಗದಲ್ಲಿ ಐದು ನಿಮಿಷವೂ ಹಿಡಿಸುವುದಿಲ್ಲ. ತಾಳದ ಕಿಣಿಕಿಣಿಯಂಥ ಎತ್ತರದ ಸ್ವರದ ಕಷ್ಟ ಇನ್ನೊಂದು ಬಗೆಯದು. ಅದರ ಉಬ್ಬುತಗ್ಗು ಎಷ್ಟು ಸಣ್ಣದೆಂದರೆ ಪ್ಲೇಟಿನ ಸ್ವಂತ ‘ಸುಯ್’ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಕೊರೆಯುವ ಮೊದಲು ತಗ್ಗು ಸ್ವರಗಳನ್ನು ಕುಗ್ಗಿಸುತ್ತಾರೆ, ಎತ್ತರದ ಸ್ವರಗಳನ್ನು ಹಿಗ್ಗಿಸುತ್ತಾರೆ. ಕೇಳುವಾಗ ಫೋನೋ ಅದನ್ನು ಸರಿಯಾಗಿ ತಿರುವುಮುರುವು ಮಾಡುತ್ತದೆ. ಮೊದಮೊದಲು ಒಂದೊಂದು ಕಂಪನಿ ಒಂದೊಂದು ಅಳತೆ ಇಟ್ಟುಕೊಂಡಿತ್ತು. 1954ರ ನಂತರ ಅಮೆರಿಕದ ರೆಕಾರ್ಡಿಂಗ್ ಸಂಘದ ಅಳತೆಯೇ ಬರಬರುತ್ತಾ ಎಲ್ಲರದ್ದಾಯಿತು.

ಗೀರಿಗೆ ಇನ್ನೊಂದು ಮಿತಿಯಿದೆ. ಪ್ಲೇಟು ಒಂದೇ ವೇಗದಲ್ಲಿ ತಿರುಗಿದರೂ ಮುಳ್ಳಿನ ಕೆಳಗೆ ಗೀರು ಓಡುವ ವೇಗ ಒಂದೇ ಅಲ್ಲ. ಹೊರ ಅಂಚಿನಲ್ಲಿ ಒಂದು ಸೆಕೆಂಡಿಗೆ ಅರ್ಧ ಮೀಟರು ಗೀರು ಸಾಗಿದರೆ ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು 20 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಹಾಗಾಗಿ ಪ್ರತಿ ಮಗ್ಗುಲಿನ ಕೊನೆಯ ಹಾಡು ಮೊದಲನೆಯದರಷ್ಟು ತಿಳಿಯಾಗಿರುವುದು ಕಷ್ಟ. ಇದನ್ನು ಬಲ್ಲ ತಯಾರಕರು ಅಬ್ಬರದ ಹಾಡನ್ನು ಮೊದಲಿಗೂ ಮೆಲುಹಾಡನ್ನು ಕೊನೆಗೂ ಇಡುತ್ತಿದ್ದರು. ನಾವು ‘ಆಹಾ, ಎಂಥ ಜೋಡಣೆ’ ಎಂದು ಮೆಚ್ಚಿದ ಎಷ್ಟೋ ಆಲ್ಬಮ್ಮುಗಳ ಹಾಡಿನ ಕ್ರಮದ ಹಿಂದೆ ಈ ಭೌತವಿಜ್ಞಾನವೂ ಇದೆ.

ಅರಗಿನ ಪ್ಲೇಟು, ಮೂರು ನಿಮಿಷದ ರಾಗ

ಅಟ್ಟದ ಮೇಲೆ ಸಿಗುವ ಹಳೇ ಪ್ಲೇಟುಗಳೆಲ್ಲ ವಿನೈಲ್ ಅಲ್ಲ. ದಪ್ಪಗೆ, ಭಾರವಾಗಿ, ಕೈಜಾರಿದರೆ ಬಳಪದ ಹಾಗೆ ಚೂರಾಗುವ 78ರ ಪ್ಲೇಟು ಬೇರೆಯೇ ಜಾತಿ. ಅದು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ, ಹತ್ತು ಅಂಗುಲದ ಪ್ಲೇಟಾದರೆ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಅದರ ಜೀವಾಳ ಅರಗು. ಮುತ್ತುಗ, ಬೋರೆಯಂಥ ಮರಗಳ ಮೇಲೆ ಪುಟ್ಟ ಕೀಟ ಸುರಿಸುವ ಅದೇ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೂರಿಸಲು ಬಳಸುವ ಅದೇ ಅರಗು. ಅದಕ್ಕೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ ಒತ್ತುತ್ತಿದ್ದರು. ಇಡೀ ಜಗತ್ತಿನ ಪ್ಲೇಟುಗಳಿಗೆ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಕಲ್ಲಿನ ಪುಡಿ ಉಕ್ಕಿನ ಮುಳ್ಳನ್ನು ಸವೆಸುತ್ತದೆ. ಅದಕ್ಕೇ ಕೀ ಕೊಡುವ ಗ್ರಾಮಫೋನಿನಲ್ಲಿ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕಿತ್ತು.

ಮೂರು ನಿಮಿಷದ ಈ ಕಟ್ಟು ನಮ್ಮ ಸಂಗೀತಕ್ಕೆ ಹೊಸದು. ಒಂದು ರಾಗವನ್ನು ರಾತ್ರಿಯಿಡೀ ಬಿಚ್ಚುತ್ತಿದ್ದ ಗಾಯಕರು ಆಲಾಪ, ಚೀಜು, ತಾನುಗಳನ್ನೆಲ್ಲ ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ತಗಡಿನ ಕಹಳೆಯೊಳಗೆ ಬಾಯಿಟ್ಟು ಹಾಡಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿದ್ದು ಎಷ್ಟೋ ಜನಕ್ಕೆ ಗೊತ್ತು. ಆಗ ಇಲ್ಲಿ ಕಾರ್ಖಾನೆ ಇರಲಿಲ್ಲ. ಧ್ವನಿಮುದ್ರಣ ಜರ್ಮನಿಯ ಹನೋವರಿಗೆ ಹೋಗಿ ಪ್ಲೇಟಾಗಿ ಬರಬೇಕು. ಅಲ್ಲಿನವರಿಗೆ ಯಾರು ಹಾಡಿದ್ದೆಂದು ತಿಳಿಯಲು ಈ ಹೆಸರು ಹೇಳುವ ಏರ್ಪಾಡು. ದೇಶದ ಮೊದಲ ರೆಕಾರ್ಡಿಂಗ್ ತಾರೆಯಾದ ಆಕೆ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದದ್ದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡದ್ದು ನಮ್ಮವರಲ್ಲೇ ಅನೇಕರಿಗೆ ಗೊತ್ತಿಲ್ಲ.

ಮೈಸೂರಿನ ಇನ್ನೊಂದು ಕಥೆಯಂತೂ ನನಗೆ ಪ್ರತಿಸಲ ಅಚ್ಚರಿ ಹುಟ್ಟಿಸುತ್ತದೆ. ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮೇಲೆ ಅಪಾರ ಒಲವು. ಲಂಡನ್ನಿನಲ್ಲಿ ವಯಸ್ಸಾಗಿ, ಜನ ಮರೆತುಬಿಟ್ಟಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಎಚ್.ಎಂ.ವಿ. ಕಂಪನಿಯ ಪ್ಲೇಟುಗಳಲ್ಲಿ ಹಿಡಿದಿಡಲು ಒಡೆಯರು ಹಣ ಕೊಟ್ಟರು, ಅದಕ್ಕಾಗಿ ಮೆಟ್ನರ್ ಸೊಸೈಟಿ ಕಟ್ಟಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಬೆರಳು ಪಿಯಾನೊ ಮೇಲೆ ಹೇಗೆ ಓಡುತ್ತಿತ್ತೆಂದು ಇಂದು ಕೇಳಬೇಕೆಂದರೆ ಹೆಚ್ಚಾಗಿ ಮೈಸೂರಿನ ದುಡ್ಡಿನಲ್ಲಿ ಮೂಡಿದ ಆ ಪ್ಲೇಟುಗಳ ಮೊರೆ ಹೋಗಬೇಕು.

ಪ್ಲೇಟು ಊರಿಂದೂರಿಗೆ ಹಾಡನ್ನು ಹೊತ್ತೊಯ್ದ ಬಗೆಯೂ ಹಾಗೇ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯನ್ನು ಕೇಳಿದ್ದು ಪ್ಲೇಟಿನ ಮೇಲೆ. ಹಾಗೆ ಹಾಡಬೇಕೆಂಬ ಹಂಬಲ ಹತ್ತಿ, ಗುರುವನ್ನು ಹುಡುಕಿ 11ನೇ ವಯಸ್ಸಿಗೆ ಮನೆ ಬಿಟ್ಟು ಓಡಿದರು. ಆ ಮೂರು ನಿಮಿಷ ಆ ಊರಿಗೆ ಬಾರದೇ ಇದ್ದಿದ್ದರೆ?

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 33⅓ರ ವಿನೈಲ್ ಎಲ್.ಪಿ. ಬಿಟ್ಟಿತು, ಮರುವರ್ಷ ಆರ್.ಸಿ.ಎ. 45ರ ಚಿಕ್ಕ ಪ್ಲೇಟು ತಂದಿತು. ಗೀರು ಸಪೂರವಾಯಿತು, ಪ್ಲೇಟು ಹಗುರವಾಯಿತು, ಬಿದ್ದರೂ ಒಡೆಯದಾಯಿತು. ಮೂರು ನಿಮಿಷದ ಬೇಲಿ ಕಿತ್ತುಹೋಗಿ ಇಪ್ಪತ್ತು ನಿಮಿಷದ ಬಯಲು ತೆರೆಯಿತು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಅಮೆರಿಕದಲ್ಲಿ ಎಲ್.ಪಿ.ಯಾಗಿ ಬಂದಾಗ ಒಂದು ಮಗ್ಗುಲಿಗೆ ಒಂದು ರಾಗ ಕೂತಿತು. ಭಾರತದಲ್ಲಿ ಮಾತ್ರ 78 ಬಹಳ ಕಾಲ ಬಾಳಿತು. ಕರೆಂಟು ಇಲ್ಲದ ಹಳ್ಳಿಯಲ್ಲಿ ಕೀ ಕೊಡುವ ಪೆಟ್ಟಿಗೆಗೆ 78ರದ್ದೇ ಬೇಕಿತ್ತು. ಕಲ್ಕತ್ತೆಯ ದಮ್‌ದಮ್ ಕಾರ್ಖಾನೆ 1960ರ ದಶಕದಲ್ಲಿ ಬೀಟಲ್ಸ್ ಹಾಡುಗಳನ್ನೂ 78ರ ಪ್ಲೇಟಿನಲ್ಲಿ ಒತ್ತಿತು. ಇಂಗ್ಲೆಂಡಿನಲ್ಲೇ ಇಲ್ಲದ ಆ ಪ್ಲೇಟುಗಳಿಗಾಗಿ ವಿದೇಶದ ಸಂಗ್ರಾಹಕರು ಈಗಲೂ ಹುಡುಕುತ್ತಾರೆ.

ನಮ್ಮಲ್ಲಿ ಪ್ಲೇಟನ್ನು ಕೊಂದದ್ದು ಸಿ.ಡಿ. ಅಲ್ಲ, ಕ್ಯಾಸೆಟ್ಟು. 1982ರಲ್ಲಿ ಬಂದ ಸಿ.ಡಿ. ಪಶ್ಚಿಮದಲ್ಲಿ ಆ ದಶಕ ಮುಗಿಯುವಷ್ಟರಲ್ಲಿ ಪ್ಲೇಟನ್ನು ಹಿಂದಿಕ್ಕಿತು. ಇಲ್ಲಿ ಅದಕ್ಕೂ ಮೊದಲೇ ಕ್ಯಾಸೆಟ್ಟು ಮನೆಮನೆಗೆ ಬಂದಾಗಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ಟು ಬಂದದ್ದೇ ಭಾವಗೀತೆಗೆ ದೊಡ್ಡ ದಾರಿಯಾಯಿತು. ಅದಕ್ಕೂ ಹಿಂದೆ ಪಿ. ಕಾಳಿಂಗರಾಯರು ಹಾಡಿದ್ದೆಲ್ಲ ಪ್ಲೇಟಿನ ಮೇಲೆ. ಟೆಂಟ್ ಸಿನಿಮಾ ಶುರುವಾಗುವ ಮುಂಚೆ ಘಂಟಸಾಲ ಕಂಠದ ವೆಂಕಟೇಶ ಸ್ತುತಿ ಊರಿಗೆಲ್ಲ ಕೇಳುತ್ತಿದ್ದದ್ದು, ಮದುವೆ ಮನೆಯ ಮೈಕ್ ಸೆಟ್ಟಿನವನು ಮರಕ್ಕೆ ಹಾರ್ನ್ ಕಟ್ಟಿ ರಾಜ್‌ಕುಮಾರ್ ಹಾಡು ಹಾಕುತ್ತಿದ್ದದ್ದು ಪ್ಲೇಟಿನಿಂದ. ಮೈಕ್ ಸೆಟ್ಟಿನವರ ಪೆಟ್ಟಿಗೆಯಲ್ಲಿದ್ದ ಆ ಪ್ಲೇಟುಗಳೇ ಇಂದು ಗುಜರಿ ಅಂಗಡಿಯಲ್ಲಿ ಸಿಗುವುದು. ಮುಳ್ಳು ಓಡಿ ಓಡಿ ಗೀರು ಬೂದಿಬಣ್ಣಕ್ಕೆ ತಿರುಗಿರುತ್ತದೆ.

ನಿಜಕ್ಕೂ ದನಿ ಚೆನ್ನಾಗಿರುತ್ತದೆಯೇ

ಇದು ಪ್ಲೇಟು ಪ್ರಿಯರ ನಡುವೆ ಎಂದೂ ಮುಗಿಯದ ಜಗಳ. ನನ್ನ ನಿಲುವನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಅಳತೆಗೋಲು ಹಿಡಿದರೆ ಸಿ.ಡಿ.ಯೇ ಗೆಲ್ಲುತ್ತದೆ. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವಿನ ಅಂತರ ಸಿ.ಡಿ.ಯಲ್ಲಿ 96 ಡೆಸಿಬೆಲ್, ಒಳ್ಳೆಯ ಪ್ಲೇಟಿನಲ್ಲಿ 60-70. ಡಿಜಿಟಲ್ ಸಂಗೀತ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಪ್ಲೇಟಿನದು ನುಣುಪು ಎಂಬ ಮಾತನ್ನು ಪದೇ ಪದೇ ಕೇಳುತ್ತೇವೆ. ಅದು ತಪ್ಪು. ಸಿ.ಡಿ. ಸೆಕೆಂಡಿಗೆ 44,100 ಸಲ ಸದ್ದಿನ ಮಟ್ಟವನ್ನು ಬರೆದಿಡುತ್ತದೆ. ಒಂದು ಅಲೆಯನ್ನು ಮರಳಿ ಕಟ್ಟಲು ಅದು ಒಮ್ಮೆ ಏರಿಳಿಯುವಷ್ಟರಲ್ಲಿ ಎರಡಕ್ಕಿಂತ ಹೆಚ್ಚು ಬಾರಿ ಅಳೆದರೆ ಸಾಕು. ಮನುಷ್ಯರ ಕಿವಿಗೆ ಕೇಳುವ ಮೇಲ್ಮಿತಿ ಸೆಕೆಂಡಿಗೆ 20,000 ಕಂಪನ. ಹೊರಬರುವ ಹೊತ್ತಿಗೆ ಅಲೆ ಪೂರ್ತಿ ನುಣುಪಾಗಿರುತ್ತದೆ, ಮೆಟ್ಟಿಲು ಎಲ್ಲೂ ಉಳಿಯುವುದಿಲ್ಲ.

ಹಾಗಿದ್ದೂ ಪ್ಲೇಟು ಕೇಳಿದಾಗ ‘ಇದು ಬೇರೆ’ ಅನ್ನಿಸುವುದು ಸುಳ್ಳಲ್ಲ. ಒಂದು ಕಾರಣ, ಮುಳ್ಳು ಮತ್ತು ಗೀರು ಸೇರಿ ತಮ್ಮದೇ ಬಣ್ಣ ಹಚ್ಚುತ್ತವೆ. ಆ ಕೊಂಚ ಕಲಬೆರಕೆ ಕೆಲವರ ಕಿವಿಗೆ ಬೆಚ್ಚಗಿರುತ್ತದೆ. ಇನ್ನೊಂದು ಕಾರಣ ಹೆಚ್ಚು ಮುಖ್ಯ. 1990ರ ದಶಕದಿಂದೀಚೆಗೆ ಸಿ.ಡಿ.ಗಾಗಿ ಹಾಡುಗಳನ್ನು ಸಿದ್ಧಪಡಿಸುವಾಗ ಎಲ್ಲವನ್ನೂ ಜೋರು ಮಾಡುವ ಪೈಪೋಟಿ ಹತ್ತಿಕೊಂಡಿತು. ಪಿಸುಮಾತೂ ಕೂಗೂ ಒಂದೇ ಮಟ್ಟಕ್ಕೆ ಬಂದವು. ಪ್ಲೇಟಿನ ಗೀರು ಅಷ್ಟು ಅಬ್ಬರವನ್ನು ತಾಳುವುದಿಲ್ಲ, ಹಾಗಾಗಿ ಅದಕ್ಕೆ ಬೇರೆಯಾಗಿ, ಉಸಿರಾಡಲು ಜಾಗ ಬಿಟ್ಟು ಸಿದ್ಧಪಡಿಸುವುದುಂಟು. ಆಗ ಚೆನ್ನಾಗಿ ಕೇಳುವುದಕ್ಕೆ ಕಾರಣ ವಿನೈಲ್ ಅಲ್ಲ, ಸಿದ್ಧಪಡಿಸಿದವರ ಸಂಯಮ.

2022ರಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಸಾಕ್ಷಿ. ಮೂಲ ಟೇಪಿನಿಂದ ನೇರವಾಗಿ ಕೊರೆದ ಪ್ಲೇಟುಗಳಿಗೆ ಹೆಸರಾಗಿದ್ದ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಹಲವು ಪ್ಲೇಟುಗಳು ನಡುವೆ ಡಿಜಿಟಲ್ ಹಂತವನ್ನು ದಾಟಿ ಬಂದಿದ್ದವೆಂದು ಹೊರಬಿತ್ತು. ಪ್ರಕರಣ ಕೋರ್ಟಿನವರೆಗೂ ಹೋಯಿತು. ಆ ಪ್ಲೇಟುಗಳನ್ನು ವರ್ಷಗಳಿಂದ ಕೇಳಿ ‘ಡಿಜಿಟಲ್ಲಿನ ಸೋಂಕಿಲ್ಲದ ದನಿ’ ಎಂದು ಕೊಂಡಾಡಿದ್ದವರಲ್ಲಿ ನುರಿತ ಕಿವಿಯವರೂ ಇದ್ದರು. ಅವರಿಗೆ ಹಿಡಿಸಿದ ದನಿ ಸುಳ್ಳಾಗಿರಲಿಲ್ಲ, ಅದಕ್ಕೆ ಕೊಟ್ಟುಕೊಂಡ ಕಾರಣ ತಪ್ಪಾಗಿತ್ತು.

ಹಾಗಾದರೆ ನಾನೇಕೆ ಪ್ಲೇಟು ಹಾಕುತ್ತೇನೆ? ಎದ್ದು ಹೋಗಿ ಹಾಕಬೇಕು, ಇಪ್ಪತ್ತು ನಿಮಿಷಕ್ಕೆ ಮತ್ತೆ ಎದ್ದು ಮಗುಚಬೇಕು. ಅಷ್ಟು ಹೊತ್ತು ಕೂತು ಕೇಳುತ್ತೇನೆ. ಫೋನಿನಲ್ಲಿ ಹಾಡು ಹಿಡಿಸದಿದ್ದರೆ ಬೆರಳು ತಾನಾಗಿ ಮುಂದಕ್ಕೆ ಸರಿಸುತ್ತದೆ. ಪ್ಲೇಟಿನಲ್ಲಿ ಮುಳ್ಳು ಎತ್ತಿ ಇಡುವ ತೊಂದರೆ ಬೇಡವೆಂದು ಹಿಡಿಸದ ಹಾಡನ್ನೂ ಕೇಳಿ, ನಾಲ್ಕನೇ ಸಲಕ್ಕೆ ಅದೇ ಮೆಚ್ಚಿನದಾದದ್ದು ನನಗೆ ಎಷ್ಟೋ ಸಲ ಆಗಿದೆ.

ಮತ್ತೆ ಒತ್ತುವ ಕಷ್ಟ

ಪ್ಲೇಟು ಬೇಕೆಂದವರು ಹೆಚ್ಚಿದರೂ ಮಾಡುವವರು ಬೇಗ ಹೆಚ್ಚಲಿಲ್ಲ. ಅಲ್ಯೂಮಿನಿಯಂ ತಟ್ಟೆಗೆ ಮೆರುಗೆಣ್ಣೆ ಬಳಿದು ಅದರ ಮೇಲೆ ಗೀರು ಕೊರೆಯುತ್ತಾರೆ, ಅದಕ್ಕೆ ಬೆಳ್ಳಿಯ ತೆಳುಪದರ ಕೊಟ್ಟು ನಿಕ್ಕಲ್ ಏರಿಸಿ ಅಚ್ಚು ತೆಗೆಯುತ್ತಾರೆ. ಅಚ್ಚುಗಳ ನಡುವೆ ಬಿಸಿ ಪಿ.ವಿ.ಸಿ. ಮುದ್ದೆ ಇಟ್ಟು ಒತ್ತಿದರೆ ಅರ್ಧ ನಿಮಿಷದೊಳಗೆ ಪ್ಲೇಟು. ಮೊದಲ ಹಂತದ ಆ ಮೆರುಗೆಣ್ಣೆಯ ತಟ್ಟೆ ಮಾಡುತ್ತಿದ್ದ ದೊಡ್ಡ ಕಾರ್ಖಾನೆಗಳು ಜಗತ್ತಿನಲ್ಲಿ ಎರಡೇ, ಒಂದು ಅಮೆರಿಕದಲ್ಲಿ, ಇನ್ನೊಂದು ಜಪಾನಿನಲ್ಲಿ. ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ 2020ರ ಫೆಬ್ರವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಹಿಂದೆಯೇ ಕೋವಿಡ್ ಬಂದು ಮನೆಯಲ್ಲಿ ಕೂತವರೆಲ್ಲ ಪ್ಲೇಟು ಕೇಳತೊಡಗಿದರು. ಚಿಕ್ಕ ಕಲಾವಿದರು ತಮ್ಮ ಪ್ಲೇಟಿಗಾಗಿ ತಿಂಗಳುಗಟ್ಟಲೆ ಕಾದರು.

ಭಾರತದಲ್ಲಿ ಪ್ಲೇಟು ಒತ್ತುವ ಕೆಲಸ ನಿಂತು ದಶಕಗಳೇ ಆಗಿದ್ದವು. 2024ರಲ್ಲಿ ಮುಂಬೈಯ ಸಮನ್ವಿ ಎಂಬ ಸಂಸ್ಥೆ ಮತ್ತೆ ಯಂತ್ರ ಹೂಡಿದೆ. ಹೊರದೇಶದಿಂದ ತರಿಸಿದ ಪ್ಲೇಟಿಗೆ ಎರಡು ಮೂರು ಸಾವಿರ ರೂಪಾಯಿ ಕೊಡುವವರಿಗೆ ಇದು ನೆಮ್ಮದಿಯ ಸುದ್ದಿ. ಇಲ್ಲಿ ಒಂದು ಕನ್ನಡ ಪ್ಲೇಟೂ ಒತ್ತಿ ಬರಲಿ ಎಂಬುದು ನನ್ನ ಆಸೆ.

ನಿಮ್ಮ ಅಟ್ಟದಲ್ಲಿ ಪ್ಲೇಟಿದ್ದರೆ

ಮೊದಲ ಮಾತು, ಹಿತ್ತಾಳೆ ಕಹಳೆಯ ‘ಪುರಾತನ’ ಗ್ರಾಮಫೋನು ಎಂದು ಪ್ರವಾಸಿ ಜಾಗಗಳಲ್ಲಿ ಮಾರುವುದು ಬಹುಪಾಲು ಹೊಸದಾಗಿ ಜೋಡಿಸಿದ್ದು. ನಾಯಿಯ ಚಿತ್ರ ಅಂಟಿಸಿದ ಮಾತ್ರಕ್ಕೆ ಅದು ಎಚ್.ಎಂ.ವಿ.ಯದ್ದಾಗುವುದಿಲ್ಲ. ಮನೆಯ ಅಂದಕ್ಕೆ ಇಟ್ಟುಕೊಳ್ಳಿ, ಅದರ ಮೇಲೆ ಪ್ಲೇಟು ಹಾಕಬೇಡಿ. ಕೀ ಕೊಡುವ ಪೆಟ್ಟಿಗೆಯ ತೋಳು ನೂರು ಗ್ರಾಮಿಗೂ ಮೀರಿ ಭಾರ ಹಾಕುತ್ತದೆ. ಎಲ್.ಪಿ. ಬಯಸುವುದು ಎರಡು ಗ್ರಾಮಿನ ಆಸುಪಾಸು. ಒಮ್ಮೆ ಉಕ್ಕಿನ ಮುಳ್ಳು ಎಲ್.ಪಿ. ಮೇಲೆ ಉತ್ತರೆ ಆ ಗೀರು ಮತ್ತೆ ಹಾಡುವುದಿಲ್ಲ.

78ಕ್ಕೂ ಎಲ್.ಪಿ.ಗೂ ಮುಳ್ಳು ಬೇರೆ ಬೇರೆ. 78ರ ಗೀರು ಅಗಲ, ಎಲ್.ಪಿ. ಮುಳ್ಳು ಅದರ ತಳಕ್ಕೆ ಬಿದ್ದು ಕಸ ಕೆದಕುತ್ತದೆ, ಸುಯ್ಗುಟ್ಟುವ ಸದ್ದು ಬರುತ್ತದೆ. ‘ಪ್ಲೇಟು ಹಾಳಾಗಿದೆ’ ಎಂದು ಜನ ಎಸೆಯುವುದು ಎಷ್ಟೋ ಸಲ ಮುಳ್ಳಿನ ತಪ್ಪಿಗೆ. ಇನ್ನು ತೊಳೆಯುವ ವಿಷಯ. 78ರ ಪ್ಲೇಟಿಗೆ ಸ್ಪಿರಿಟ್ಟನ್ನಾಗಲಿ ಆಲ್ಕೋಹಾಲ್ ಇರುವ ಯಾವುದೇ ದ್ರವವನ್ನಾಗಲಿ ಮುಟ್ಟಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ಬಟ್ಟಿ ಇಳಿಸಿದ ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆಯ ಬಟ್ಟೆ, ಗೀರಿನ ಸುತ್ತಿನಲ್ಲೇ ಒರೆಸುವುದು, ಲೇಬಲ್ಲು ಒದ್ದೆಯಾಗದಂತೆ ನೋಡಿಕೊಳ್ಳುವುದು, ಇಷ್ಟು ಸಾಕು. ಮಲೆನಾಡು, ಕರಾವಳಿಯಲ್ಲಿ ಕವರಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಒಳಕವರನ್ನು ಬದಲಿಸಿ. ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಎಲ್.ಪಿ. ಬಿಟ್ಟರೆ ಅದು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಇಷ್ಟೆಲ್ಲ ಜೋಪಾನ ಏಕೆಂದರೆ, ಕನ್ನಡದ ಮಟ್ಟಿಗೆ ಪ್ಲೇಟಿನ ಪ್ರಶ್ನೆ ಅಭಿರುಚಿಯದಷ್ಟೇ ಅಲ್ಲ. ಗಂಗೂಬಾಯಿ ಹಾನಗಲ್ಲರ ಗಂಡುದನಿಯಂಥ ಗಂಭೀರ ಕಂಠ ನಮಗೆಲ್ಲ ಗೊತ್ತು. ಆದರೆ ಎಳವೆಯಲ್ಲಿ ಅವರ ದನಿ ಎತ್ತರದ್ದು, ತೆಳುವಾದದ್ದು. ಗಂಟಲಿನ ಚಿಕಿತ್ಸೆಯ ನಂತರ ಅದು ಪೂರ್ತಿ ಬದಲಾಯಿತು. ಆ ಮೊದಲಿನ ಗಂಗೂಬಾಯಿ ಇರುವುದು 1930ರ ದಶಕದ 78ರ ಪ್ಲೇಟುಗಳಲ್ಲಿ. ಆ ಪ್ಲೇಟುಗಳೂ ಒಡೆದುಹೋಗಿದ್ದರೆ ಆ ದನಿಯ ಬಗ್ಗೆ ಓದಬಹುದಿತ್ತು, ಕೇಳಲಾಗುತ್ತಿರಲಿಲ್ಲ. ಸಿನಿಮಾ ಹಾಡುಗಳಿಗೆ ಈ ಭಯವಿಲ್ಲ, ಅವು ಹೇಗೋ ಆನ್‌ಲೈನಿಗೆ ಬಂದಿವೆ. ನಾಟಕದ ಹಾಡು, ಹರಿಕಥೆಯ ತುಣುಕು, ಊರಿನಾಚೆ ಹೆಸರು ಹೋಗದ ಗಾಯಕಿಯರ ದೇವರನಾಮ, ಇವುಗಳಿಗಿದೆ. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಡಿಜಿಟಲ್ಲಿಗೆ ಇಳಿಸಿ ಉಳಿಸುವ ಕೆಲಸ ಮಾಡುತ್ತಿದೆ, ಸಂಗ್ರಾಹಕರು ಕೂಡ ತಮ್ಮ ಪಾಡಿಗೆ ಮಾಡುತ್ತಿದ್ದಾರೆ. ನಿಮ್ಮ ಮನೆಯ ಪ್ಲೇಟನ್ನು ಕೇಜಿ ಲೆಕ್ಕದಲ್ಲಿ ಗುಜರಿಗೆ ಹಾಕುವ ಮುಂಚೆ ಲೇಬಲ್ಲಿನ ಒಂದು ಫೋಟೋ ತೆಗೆದು ಗೊತ್ತಿರುವವರಿಗೆ ತೋರಿಸಿ.

ಸಾಗರದ ಕಡೆಯ ನಮ್ಮ ಅಜ್ಜನ ಮನೆಯ ಅಟ್ಟದಿಂದ ಒಂದು ನಾಟಕದ ಸೆಟ್ಟು ನನ್ನ ಪಾಲಿಗೆ ಬಂದಿದೆ. ಒಟ್ಟು ಆರು ಪ್ಲೇಟು, ಮಗ್ಗುಲಿಗೆ ಮೂರು ನಿಮಿಷದಂತೆ ಹನ್ನೆರಡು ಮಗ್ಗುಲು. ನಾಲ್ಕನೆಯದು ಇಲ್ಲ. ಮೂರನೆಯ ಪ್ಲೇಟು ಮುಗಿಯುವಾಗ ತಾಯಿ ಮಗನನ್ನು ಬೈಯುತ್ತಿರುತ್ತಾಳೆ, ಬಾಗಿಲು ಬಡಿದ ಸದ್ದಾಗುತ್ತದೆ, ಹಾರ್ಮೋನಿಯಂ ನಿಲ್ಲುತ್ತದೆ. ಐದನೆಯದು ಶುರುವಾಗುವ ಹೊತ್ತಿಗೆ ಅವಳು ಒಬ್ಬಳೇ ಹಾಡುತ್ತಿದ್ದಾಳೆ. ನಡುವಿನ ಆರು ನಿಮಿಷದಲ್ಲಿ ಏನಾಯಿತೆಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಲೇಬಲ್ಲಿನ ನಂಬರುಗಳು ಒಂದರ ಮುಂದೊಂದು ಸಾಲಾಗಿವೆ, ಹಾಗಾಗಿ ಬೇಕಾದ ನಂಬರು ನನಗೆ ಗೊತ್ತು. ಭಾನುವಾರ ಸಂಡೇ ಬಜಾರಿನಲ್ಲಿ 78ರ ರಾಶಿ ಕಂಡರೆ ಹಾಡು ಯಾವುದು, ಹಾಡಿದವರು ಯಾರು ಎಂದು ನೋಡುವ ಮೊದಲೇ ಕಣ್ಣು ಆ ನಂಬರನ್ನು ಹುಡುಕುತ್ತದೆ.